ಹಳೆಯ ಡ್ರಿಲ್ಲಿಗೆ ಹೊಸ ಸೆಲ್: ಬದಿಯಡ್ಕದ ಬ್ಯಾಟರಿ ಅಂಗಡಿಯೊಂದರ ಕೆಲಸ

ಕೆಟ್ಟುಹೋಯಿತೆಂದು ಅಟ್ಟಕ್ಕೆ ಸೇರಿಸಿದ ಕಾರ್ಡ್‌ಲೆಸ್ ಡ್ರಿಲ್ಲುಗಳಲ್ಲಿ ಹೆಚ್ಚಿನವು ನಿಜವಾಗಿ ಕೆಟ್ಟಿರುವುದಿಲ್ಲ. ಮೋಟಾರು ತಿರುಗುತ್ತದೆ, ಗೇರು ಸರಿಯಿದೆ, ಚಕ್ಕು ಕೊರೆಯುವ ಬಿಟ್ಟನ್ನು ಬಿಗಿಯಾಗಿಯೇ ಹಿಡಿಯುತ್ತದೆ. ಸತ್ತಿರುವುದು ಬ್ಯಾಟರಿ ಮಾತ್ರ. ಅದೇ ಮಾದರಿಯ ಬ್ಯಾಟರಿಯನ್ನು ಮಂಗಳೂರಿನಲ್ಲಿ ವಿಚಾರಿಸಿದರೆ, ಆ ಮಾದರಿ ಈಗ ಬರುತ್ತಿಲ್ಲವೆಂದೋ, ಬ್ಯಾಟರಿಯ ಬೆಲೆಗೆ ಇನ್ನಷ್ಟು ಸೇರಿಸಿದರೆ ಹೊಸ ಯಂತ್ರವೇ ಸಿಗುತ್ತದೆಂದೋ ಉತ್ತರ ಬರುತ್ತದೆ. ಕುಂಬಳೆಯಿಂದ ಮುಳ್ಳೇರಿಯದವರೆಗೆ ಮರದ ಕೆಲಸ, ಅಲ್ಯೂಮಿನಿಯಂ ಕೆಲಸ, ತೋಟದ ಪೈಪು ಕೆಲಸ ಮಾಡುವವರ ಮನೆಗಳಲ್ಲಿ ಇಂತಹ ಯಂತ್ರಗಳು ಸಾಕಷ್ಟಿವೆ. ಆದ್ದರಿಂದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯ ಒಳರಸ್ತೆಯ ಸಣ್ಣ ಅಂಗಡಿಯೊಂದರಲ್ಲಿ ಹಳೆಯ ಬ್ಯಾಟರಿ ಪ್ಯಾಕನ್ನು ಬಿಚ್ಚಿ ಹೊಸ ಸೆಲ್ ಹಾಕಿಕೊಡುತ್ತಾರೆಂಬ ಸುದ್ದಿ ಕೇಳಿ ಮೂರು ಪ್ಯಾಕುಗಳನ್ನು ಅಲ್ಲಿಗೆ ಒಪ್ಪಿಸಿದೆ. ಒಂದು 18 ವೋಲ್ಟಿನ ಲಿಥಿಯಂ ಅಯಾನ್ ಪ್ಯಾಕ್, ಇನ್ನೊಂದು 14.4 ವೋಲ್ಟಿನ ಹಳೆಯ ನಿಕ್ಕಲ್ ಕ್ಯಾಡ್ಮಿಯಂ ಪ್ಯಾಕ್, ಮೂರನೆಯದು ಎರಡು ಸಾಲು ಸೆಲ್ಲುಗಳಿರುವ 18 ವೋಲ್ಟಿನ ದೊಡ್ಡ ಪ್ಯಾಕ್. ಮೂರರ ಫಲವೂ ಬೇರೆಬೇರೆಯಾದುದರಿಂದ ಒಂದೊಂದರ ವಿಷಯವನ್ನೂ ಪ್ರತ್ಯೇಕವಾಗಿಯೇ ಬರೆಯಬೇಕಾಗಿದೆ.

ಅಂಗಡಿಯ ಮುಖ್ಯ ವ್ಯಾಪಾರ ಇನ್ವರ್ಟರ್ ಬ್ಯಾಟರಿಗಳದ್ದು ಮತ್ತು ಕಾಳುಮೆಣಸಿಗೂ ಬಾಳೆಗೂ ಮದ್ದು ಬಿಡುವ, ಬೆನ್ನಿಗೆ ಹಾಕಿಕೊಳ್ಳುವ ಸ್ಪ್ರೇಯರುಗಳ 12 ವೋಲ್ಟಿನ ಬ್ಯಾಟರಿಗಳದ್ದು. ಪವರ್ ಟೂಲ್ ಪ್ಯಾಕುಗಳ ಕೆಲಸ ಅದರ ನಡುವೆ ಬೆಳೆದುಕೊಂಡದ್ದು. ಲೆಕ್ಕದ ಚೀಟಿ ಮಲಯಾಳದಲ್ಲಿ, ಮಾತುಕತೆ ಕನ್ನಡದಲ್ಲಿ, ಸ್ಕ್ರೂವಿನ ತಲೆ ಜಾರಿದಾಗ ಹೊರಡುವ ಬೈಗುಳ ತುಳುವಿನಲ್ಲಿ. ನಮ್ಮ ಊರಿನಲ್ಲಿ ಇದಕ್ಕೆ ಯಾರೂ ಆಶ್ಚರ್ಯಪಡುವುದಿಲ್ಲ. ಆಶ್ಚರ್ಯವಾದದ್ದು ಬೇರೆ ಸಂಗತಿಯಿಂದ. ಗಿರಾಕಿ ಕೇಳಿದ ಕೆಲಸವನ್ನು ಬೇಡವೆನ್ನಲು ಈ ಅಂಗಡಿಯವರು ಹಿಂಜರಿಯುವುದಿಲ್ಲ, ಮತ್ತು ಯಾಕೆ ಬೇಡವೆಂಬುದನ್ನು ಮೀಟರಿನ ಮುಳ್ಳು ತೋರಿಸಿಯೇ ಹೇಳುತ್ತಾರೆ.

ಮೊದಲನೆಯ 18 ವೋಲ್ಟಿನ ಪ್ಯಾಕನ್ನು ನನ್ನ ಎದುರಿನಲ್ಲಿಯೇ ಬಿಚ್ಚಿದರು. ಒಳಗೆ ಸಾಲಾಗಿ ಬೆಸೆದ ಐದು ಸೆಲ್ಲುಗಳು, ಪ್ರತಿಯೊಂದೂ 18 ಮಿಲಿಮೀಟರ್ ಅಡ್ಡಗಲ, 65 ಮಿಲಿಮೀಟರ್ ಉದ್ದದ್ದು. 18650 ಎಂದು ಎಲ್ಲರೂ ಕರೆಯುವ ಅಳತೆ. ಸಾಮಾನ್ಯ ವೋಲ್ಟೇಜು 3.6, ಪೂರ್ತಿ ತುಂಬಿದಾಗ 4.2. ಐದನ್ನು ಕೂಡಿಸಿದರೆ 18 ಎಂಬ ಲೆಕ್ಕ ಬರುವುದೂ, ಅದೇ ಐದನ್ನು ತುಂಬಿದ ಸ್ಥಿತಿಯಲ್ಲಿ ಕೂಡಿಸಿದರೆ 21ರವರೆಗೆ ಹೋಗುವುದನ್ನು ಹಿಡಿದು ಕೆಲವು ಕಂಪನಿಗಳು ಸುಮಾರಾಗಿ 20 ವೋಲ್ಟ್ ಎಂದು ಡಬ್ಬಿಯ ಮೇಲೆ ಅಚ್ಚು ಹಾಕುವುದೂ ಇದರಿಂದಲೇ. ಅಳೆದು ನೋಡಿದಾಗ ನಾಲ್ಕು ಸೆಲ್ಲುಗಳು ಮೂರೂವರೆ ವೋಲ್ಟಿನ ಆಸುಪಾಸಿನಲ್ಲಿದ್ದವು, ಒಂದು ಮಾತ್ರ ಒಂದು ವೋಲ್ಟಿಗಿಂತ ಕೆಳಗಿತ್ತು. ಆ ಒಂದನ್ನೇ ಬದಲಿಸಿದರೆ ಸಾಲದೇ ಎಂದು ಕೇಳಿದ್ದಕ್ಕೆ ಸಾಲದು ಎಂದರು. ಸಾಲಿನಲ್ಲಿರುವ ಸೆಲ್ಲುಗಳೆಲ್ಲದರ ಮೂಲಕವೂ ಹರಿಯುವ ಕರೆಂಟು ಒಂದೇ. ಹಳೆಯ ನಾಲ್ಕರ ಶಕ್ತಿ ಕುಗ್ಗಿರುತ್ತದೆ, ಒಳಪ್ರತಿರೋಧ, ಅಂದರೆ ಕರೆಂಟಿಗೆ ಸೆಲ್ಲಿನೊಳಗೇ ಆಗುವ ತಡೆ, ಏರಿರುತ್ತದೆ, ಹೊಸತೊಂದನ್ನು ಅವುಗಳ ನಡುವೆ ಇಟ್ಟರೆ ಪ್ರತಿ ಸಲವೂ ಹಳೆಯವುಗಳಲ್ಲೊಂದು ಮೊದಲು ಬರಿದಾಗಿ, ಕೆಲವೇ ಸಮಯದಲ್ಲಿ ಅದೂ ಹಿಂದಿನದರ ದಾರಿಯನ್ನೇ ಹಿಡಿಯುತ್ತದೆ.

ಬರಿದಾದ ಸೆಲ್ಲಿಗೆ ಹೊರಗಿನಿಂದ ಕರೆಂಟು ಕೊಟ್ಟು ಎಬ್ಬಿಸುವ ಉಪಾಯವನ್ನು ಹಲವು ರಿಪೇರಿಯವರು ಮಾಡುತ್ತಾರೆ. ಇಲ್ಲಿ ಅದಕ್ಕೂ ಒಪ್ಪಲಿಲ್ಲ. ಅವರ ನಿಲುವಿಗೆ ಗಟ್ಟಿಯಾದ ಕಾರಣವಿದೆ. ಲಿಥಿಯಂ ಅಯಾನ್ ಸೆಲ್ ಬಹಳ ಕೆಳಗಿನ ವೋಲ್ಟೇಜಿಗೆ ಇಳಿದು ಹಾಗೆಯೇ ಕುಳಿತರೆ ಒಳಗಿನ ತಾಮ್ರದ ಹಾಳೆ ಸ್ವಲ್ಪ ಸ್ವಲ್ಪವಾಗಿ ಕರಗತೊಡಗುತ್ತದೆ. ಮತ್ತೆ ಚಾರ್ಜು ಮಾಡಿದಾಗ ಆ ತಾಮ್ರ ಬೇಡವಾದಲ್ಲಿ ಕುಳಿತು ಒಳಗೊಳಗೇ ಶಾರ್ಟ್ ಆಗುವ ಸಂಭವವಿರುತ್ತದೆ. ಎದ್ದಂತೆ ಕಂಡ ಸೆಲ್ ರಾತ್ರಿ ಚಾರ್ಜಿಗಿಟ್ಟಾಗ ಬಿಸಿಯಾಗುವುದು ಹೀಗೆ. ಮನೆಯ ಜಗಲಿಯಲ್ಲಿ, ಅಡಿಕೆ ಚೀಲಗಳ ಪಕ್ಕದಲ್ಲಿ ಚಾರ್ಜಿಗಿಡುವ ರೂಢಿಯಿರುವ ನಮ್ಮ ಕಡೆ ಈ ಎಚ್ಚರವನ್ನು ಅತಿಯೆಂದು ಹೇಳಲಾಗದು.

ಇನ್ನು ಯಾವ ಸೆಲ್ ಹಾಕಬೇಕೆಂಬ ಪ್ರಶ್ನೆ. ಈ ಕೆಲಸದ ಗುಣವೆಲ್ಲ ಇಲ್ಲಿಯೇ ನಿರ್ಧಾರವಾಗುವುದರಿಂದ ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ. ಗಿರಾಕಿಯ ಕಣ್ಣು ಹೋಗುವುದು, ಸೆಲ್ಲಿನಲ್ಲಿ ಎಷ್ಟು ಚಾರ್ಜು ಹಿಡಿಸುತ್ತದೆಂದು ಹೇಳುವ ಮಿಲಿ ಆಂಪಿಯರ್ ಅವರ್ ಎಂಬ ಅಂಕಿಯ ಕಡೆಗೆ. ದೊಡ್ಡ ಅಂಕಿಯಿದ್ದರೆ ಒಳ್ಳೆಯದೆಂಬ ಭಾವನೆ. ಡ್ರಿಲ್ಲಿಗೆ ಬೇಕಾದದ್ದು ಅದಕ್ಕಿಂತ ಮೊದಲು ಇನ್ನೊಂದು ಗುಣ: ಒಮ್ಮೆಲೇ ಹೆಚ್ಚು ಕರೆಂಟು ಕೊಡುವ ಸಾಮರ್ಥ್ಯ. ಲ್ಯಾಪ್‌ಟಾಪ್ ಬ್ಯಾಟರಿಯಿಂದ ಬಿಚ್ಚಿದ ಸೆಲ್ಲಿನಿಂದ ನಾಲ್ಕೈದು ಆಂಪಿಯರಿಗಿಂತ ಹೆಚ್ಚು ಬಯಸುವಂತಿಲ್ಲ; ಪವರ್ ಟೂಲಿಗೆಂದೇ ಮಾಡಿದ ಸ್ಯಾಮ್‌ಸಂಗ್ 25ಆರ್ ನಂತಹ ಸೆಲ್ 2,500 ಮಿಲಿ ಆಂಪಿಯರ್ ಅವರ್‌ನದ್ದಾದರೂ 20 ಆಂಪಿಯರನ್ನು ಸತತವಾಗಿ ಕೊಡುತ್ತದೆ. ತೈವಾನಿನ ಮಾಲಿಸೆಲ್ ಪಿ26ಎ ಇನ್ನೂ ಹೆಚ್ಚು, 35 ಆಂಪಿಯರಿನದ್ದು. ವ್ಯತ್ಯಾಸವನ್ನು ಅಂಗಡಿಯವರು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದರು. ಸೆಲ್ಲಿನ ಒಳಪ್ರತಿರೋಧ 20 ಮಿಲಿ ಓಮ್ ಇದ್ದರೆ ಐದಕ್ಕೆ 100 ಮಿಲಿ ಓಮ್. 20 ಆಂಪಿಯರ್ ಎಳೆದಾಗ ಪ್ಯಾಕಿನೊಳಗೇ ಕಳೆದುಹೋಗುವುದು 2 ವೋಲ್ಟ್, ಶಾಖವಾಗಿ ಹೋಗುವುದು 40 ವ್ಯಾಟ್. ಅದೇ 60 ಮಿಲಿ ಓಮಿನ ಸೆಲ್ಲುಗಳಾದರೆ 6 ವೋಲ್ಟ್ ಒಳಗೇ ನಷ್ಟ, 120 ವ್ಯಾಟ್ ಶಾಖ. 18 ವೋಲ್ಟಿನ ಯಂತ್ರಕ್ಕೆ ಆಗ ತಲುಪುವುದು 12 ವೋಲ್ಟ್; ಡಬ್ಬಿಯ ಮೇಲಿನ ಅಂಕಿ ಎಷ್ಟೇ ದೊಡ್ಡದಾಗಿದ್ದರೂ ಸ್ಕ್ರೂ ಅರ್ಧಕ್ಕೆ ನಿಲ್ಲುತ್ತದೆ, ಪ್ಯಾಕ್ ಕೈಗೆ ಸುಡುತ್ತದೆ.

ಸುಳ್ಳು ಅಂಕಿಗಳ ವಿಷಯವೂ ಬಂತು. 18650 ಅಳತೆಯ ಕೊಳವೆಯೊಳಗೆ ಈಗಿನ ತಂತ್ರಜ್ಞಾನದಲ್ಲಿ ಹಿಡಿಸುವುದು ಹೆಚ್ಚೆಂದರೆ 4,000 ಮಿಲಿ ಆಂಪಿಯರ್ ಅವರ್‌ನ ಆಸುಪಾಸು. 6,000, 9,900 ಎಂದು ಬರೆದಿರುವ ಬಣ್ಣಬಣ್ಣದ ಸೆಲ್ಲುಗಳು ಪೇಟೆಯಲ್ಲಿ ಧಾರಾಳವಾಗಿ ದೊರೆಯುತ್ತವೆ, ಕೆಲವು ಗಿರಾಕಿಗಳು ಅವುಗಳನ್ನೇ ತಂದುಕೊಟ್ಟು ಹಾಕಿಕೊಡಿ ಎನ್ನುತ್ತಾರಂತೆ. ಮೇಜಿನ ಮೇಲೆ ಚಿನ್ನ ತೂಗುವಂತಹ ಪುಟ್ಟ ತಕ್ಕಡಿಯೊಂದಿದೆ. ಒಳ್ಳೆಯ ಸೆಲ್ ಸುಮಾರು 45 ಗ್ರಾಂ ತೂಗುತ್ತದೆ; 9,900 ಎಂದು ಬರೆದಿದ್ದ ಒಂದನ್ನು ಇಟ್ಟಾಗ ಮೂವತ್ತು ಗ್ರಾಮನ್ನೂ ಮುಟ್ಟಲಿಲ್ಲ. ಗಿರಾಕಿ ತಂದ ಸೆಲ್ಲುಗಳನ್ನು ಬೆಸೆಯುವುದಿಲ್ಲವೆಂಬ ನಿಯಮ ಹೀಗಾಗಿ ಬಂದದ್ದೆಂದು ತೋರುತ್ತದೆ. ನಿಜವಾಗಿಯೂ ಒಳ್ಳೆಯ ಸೆಲ್ ತಂದವರಿಗೆ ಇದರಿಂದ ಅನ್ಯಾಯವಾಗುತ್ತದೆ. ಆದರೂ ಪ್ರತಿಯೊಂದನ್ನೂ ಪರೀಕ್ಷಿಸುತ್ತಾ ಕುಳಿತರೆ ಅವರ ಹೊತ್ತಿಗೆ ಬೆಲೆ ಕಟ್ಟುವವರು ಯಾರು?

ಬೆಸುಗೆಯನ್ನು ನೋಡಲು ಕುಳಿತುಕೊಳ್ಳಲು ಅವಕಾಶ ಕೊಟ್ಟರು. ಸೆಲ್ಲಿಗೆ ನೇರವಾಗಿ ಸೋಲ್ಡರ್ ಹಾಕುವ ಪದ್ಧತಿ ಇಲ್ಲಿಲ್ಲ. ಸೋಲ್ಡರ್ ಮಾಡುವ ಕಾದ ಕಬ್ಬಿಣವನ್ನು ಮುಟ್ಟಿಸಿ ಹಿಡಿದಷ್ಟು ಹೊತ್ತೂ ಶಾಖ ಒಳಗಿಳಿದು ಸೀಲನ್ನೂ ಒಳಪರದೆಯನ್ನೂ ಹಾಳುಮಾಡುತ್ತದೆ. ಸ್ಪಾಟ್ ವೆಲ್ಡಿಂಗ್ ಯಂತ್ರದ ಎರಡು ತಾಮ್ರದ ಮೊನೆಗಳನ್ನು 0.15 ಮಿಲಿಮೀಟರ್ ದಪ್ಪದ ನಿಕ್ಕಲ್ ಪಟ್ಟಿಯ ಮೇಲೆ ಒತ್ತಿದಾಗ ಕಣ್ಣು ಮಿಟುಕಿಸುವುದರೊಳಗೆ ಬೆಸುಗೆ ಮುಗಿಯುತ್ತದೆ, ಸೆಲ್ ಬೆಚ್ಚಗೂ ಆಗುವುದಿಲ್ಲ. ಕೆಲಸಕ್ಕೆ ಮೊದಲು ಹಳೆಯ ಸೆಲ್ಲಿನ ಮೇಲೆ ಒಂದು ಬೆಸುಗೆ ಹಾಕಿ ಇಕ್ಕಳದಿಂದ ಪಟ್ಟಿಯನ್ನು ಕಿತ್ತು ನೋಡುತ್ತಾರೆ: ಪಟ್ಟಿಯೇ ಹರಿದು ಚುಕ್ಕೆಗಳು ಸೆಲ್ಲಿನ ಮೇಲೆ ಉಳಿದರೆ ಒತ್ತಡವೂ ಕರೆಂಟೂ ಸರಿಯಾಗಿವೆ ಎಂದರ್ಥ. ಪಟ್ಟಿ ಶುದ್ಧ ನಿಕ್ಕಲ್ಲೇ ಅಥವಾ ನಿಕ್ಕಲ್ ಲೇಪಿಸಿದ ಉಕ್ಕೇ ಎಂಬುದನ್ನು ಕೇಳಲೇಬೇಕು. ಲೇಪಿಸಿದ ಉಕ್ಕು ಅಗ್ಗ, ಅದರ ಪ್ರತಿರೋಧ ಹೆಚ್ಚು, ಮತ್ತು ಮಳೆಗಾಲದಲ್ಲಿ ಗೋಡೆಯೇ ಬೆವರುವ ಈ ಕರಾವಳಿಯಲ್ಲಿ ಅದು ತುಕ್ಕು ಹಿಡಿಯದೆ ಉಳಿಯುವುದಿಲ್ಲ. ಚೂರೊಂದನ್ನು ಗೀರಿ ಉಪ್ಪುನೀರಿನಲ್ಲಿ ಇಟ್ಟರೆ ಮರುದಿನ ಗುಟ್ಟು ಹೊರಬೀಳುತ್ತದೆ. ಅಂಗಡಿಯ ಕಿಟಕಿಯಲ್ಲಿ ಅಂತಹ ಎರಡು ಗಾಜಿನ ಲೋಟಗಳಿವೆ, ಒಂದರಲ್ಲಿ ನೀರು ಕಂದುಬಣ್ಣಕ್ಕೆ ತಿರುಗಿದೆ.

ಒಂದು ಸೂಕ್ಷ್ಮವನ್ನು ಮೆಚ್ಚಲೇಬೇಕು. 18650 ಸೆಲ್ಲಿನ ಹೊರಗಿನ ಕೊಳವೆಯೆಲ್ಲ ಋಣಧ್ರುವ. ಧನಧ್ರುವದ ಗುಂಡಿಗೂ ಅದರ ಅಂಚಿಗೂ ನಡುವೆ ಇರುವುದು ಬಹಳ ಕಡಿಮೆ ಅಂತರ ಮತ್ತು ತೆಳ್ಳಗಿನ ಪ್ಲಾಸ್ಟಿಕ್ ಹೊದಿಕೆ. ಡ್ರಿಲ್ಲಿನ ಅದುರುವಿಕೆಯಲ್ಲಿ ಪಟ್ಟಿಯ ಅಂಚು ಆ ಹೊದಿಕೆಯನ್ನು ಕೊರೆದರೆ ನೇರ ಶಾರ್ಟ್. ಆದ್ದರಿಂದ ಪ್ರತಿ ಧನಧ್ರುವಕ್ಕೂ ಕಾಗದದ ಬಳೆಯನ್ನು ಅಂಟಿಸಿಯೇ ಪಟ್ಟಿ ಬೆಸೆದರು. ಬೆಸೆಯುವ ಮೊದಲು ಐದೂ ಸೆಲ್ಲುಗಳನ್ನು ಒಂದೇ ವೋಲ್ಟೇಜಿಗೆ ತಂದು, ಮೂಲ ಪ್ಯಾಕಿನ ರಕ್ಷಣೆಯ ಸರ್ಕಿಟ್ ಬೋರ್ಡನ್ನೂ ಉಷ್ಣತೆ ಅಳೆಯುವ ಥರ್ಮಿಸ್ಟರನ್ನೂ ಹಿಂದಿದ್ದ ಜಾಗದಲ್ಲಿಯೇ, ನಡುವಿನ ಸೆಲ್ಲಿಗೆ ತಾಗುವಂತೆ ಕೂರಿಸಿದರು. ಥರ್ಮಿಸ್ಟರನ್ನು ಎಲ್ಲೋ ಗಾಳಿಯಲ್ಲಿ ನೇತುಬಿಟ್ಟ ರಿಪೇರಿಗಳನ್ನು ಬೇರೆಡೆ ಕಂಡಿದ್ದೇನೆ. ಅಂತಹ ಪ್ಯಾಕಿನಲ್ಲಿ ಚಾರ್ಜರಿಗೆ ಸೆಲ್ಲಿನ ಬಿಸಿ ತಿಳಿಯುವುದೇ ಇಲ್ಲ.

ಎಲ್ಲ ಸೇರಿ 2,200 ರೂಪಾಯಿ ಆಯಿತು. ಕಂಪನಿಯ ಹೊಸ ಪ್ಯಾಕಿಗೆ ಇದರ ಸುಮಾರು ಎರಡರಷ್ಟು. ಮೂಲದಲ್ಲಿ 1.5 ಆಂಪಿಯರ್ ಅವರ್ ಇದ್ದ ಪ್ಯಾಕ್ ಈಗ 2.5ರದ್ದು, ಅಂದರೆ 27 ವ್ಯಾಟ್ ಅವರ್‌ನಿಂದ 45ಕ್ಕೆ ಏರಿದೆ. ಹಳೆಯ ಚಾರ್ಜರೇ ಸಾಕಾಗುತ್ತದೆ, ತುಂಬಲು ಮಾತ್ರ ಅಷ್ಟೇ ಪ್ರಮಾಣದಲ್ಲಿ ಹೆಚ್ಚು ಹೊತ್ತು. ಹಲಸಿನ ದಾರಂದಕ್ಕೆ ಉದ್ದದ ಸ್ಕ್ರೂ ಇಳಿಸುವುದರಲ್ಲಿ, ಪಕ್ಕಾಸಿಗೆ ರೀಪು ಬಿಗಿಯುವುದರಲ್ಲಿ, ಕೆಂಪುಕಲ್ಲಿನ ಗೋಡೆಗೆ ತೂತು ಕೊರೆಯುವುದರಲ್ಲಿ ಯಂತ್ರ ಹೊಸದಿದ್ದಾಗಿನ ಬಲವನ್ನೇ ತೋರಿಸಿತು. ಕಿರಾಲ್ಬೋಗಿಯಂತಹ ಗಟ್ಟಿ ಮರದಲ್ಲಿ ದೊಡ್ಡ ಬಿಟ್ ಹಾಕಿ ಒತ್ತಿದಾಗ ಪ್ಯಾಕ್ ಬೆಚ್ಚಗಾಯಿತಾದರೂ ನಿಲ್ಲಲಿಲ್ಲ. ಕಳೆದ ಮಳೆಗಾಲವನ್ನು ದಾಟಿ ಬಂದಿದೆ, ಕುಂದೇನೂ ಕಾಣಿಸಿಕೊಂಡಿಲ್ಲ.

14.4 ವೋಲ್ಟಿನ ನಿಕ್ಕಲ್ ಕ್ಯಾಡ್ಮಿಯಂ ಪ್ಯಾಕಿನ ಬಗ್ಗೆ ಇಷ್ಟು ಉತ್ಸಾಹದಿಂದ ಬರೆಯಲಾರೆ. ಪವರ್ ಟೂಲುಗಳಿಗೆ ಲಿಥಿಯಂ ಬಂದದ್ದು 2005ರ ಸುಮಾರಿಗೆ. ಅದಕ್ಕೆ ಮೊದಲಿನ ಯಂತ್ರಗಳಲ್ಲಿ ಹೆಚ್ಚಿನವು ಈ ಜಾತಿಯವು. ಸೆಲ್ಲೊಂದಕ್ಕೆ 1.2 ವೋಲ್ಟಾದುದರಿಂದ 14.4ಕ್ಕೆ ಹನ್ನೆರಡು ಸೆಲ್ ಬೇಕು, ಹಾಗಾಗಿ ಖರ್ಚು ಲಿಥಿಯಂ ಪ್ಯಾಕಿಗಿಂತ ಹೆಚ್ಚು. ಬಿಚ್ಚಿದಾಗ ಕೆಲವು ಸೆಲ್ಲುಗಳ ತಲೆಯಲ್ಲಿ ಬಿಳಿ ಹುಡಿ ಕುಳಿತಿತ್ತು. ಒಳಗಿನ ಕ್ಷಾರ ಸೋರಿ ಗಾಳಿಗೆ ಒಣಗಿದ್ದು ಅದು, ಬರಿಗೈಯಲ್ಲಿ ಮುಟ್ಟುವಂತಹದ್ದಲ್ಲ. ಐರೋಪ್ಯ ಒಕ್ಕೂಟವು ಕಾರ್ಡ್‌ಲೆಸ್ ಉಪಕರಣಗಳಲ್ಲಿ ಇವುಗಳ ಮಾರಾಟವನ್ನು 2016ರ ಕೊನೆಗೆ ನಿಲ್ಲಿಸಿದ ಮೇಲೆ ಒಳ್ಳೆಯ ನಿಕ್ಕಲ್ ಕ್ಯಾಡ್ಮಿಯಂ ಸೆಲ್ ಸಿಗುವುದು ಕಷ್ಟವೆಂದು ಅಂಗಡಿಯವರು ಹೇಳಿ ಮೂರು ದಾರಿಗಳನ್ನು ಮುಂದಿಟ್ಟರು. ಅದೇ ಜಾತಿಯ ಸೆಲ್ ತರಿಸುವುದು ಒಂದು. ನಿಕ್ಕಲ್ ಮೆಟಲ್ ಹೈಡ್ರೈಡ್ ಹಾಕುವುದು ಇನ್ನೊಂದು. ವೋಲ್ಟೇಜು ಅದೇ, ಶಕ್ತಿ ಹೆಚ್ಚು, ಆದರೆ ಹಳೆಯ ಚಾರ್ಜರಿನಲ್ಲಿ ಮರೆತುಬಿಟ್ಟರೆ ಅತಿ ಚಾರ್ಜನ್ನು ಅದು ಸಹಿಸುವುದಿಲ್ಲ. ನಾಲ್ಕು ಲಿಥಿಯಂ ಸೆಲ್ಲಿಗೆ ಬದಲಾಯಿಸುವುದು ಮೂರನೆಯದು.

ಹೆಚ್ಚಿನವರು ಆಸೆಪಡುವುದು ಈ ಮೂರನೆಯದಕ್ಕೆ. ಮೋಟಾರಿಗೆ ಇದರಿಂದ ತೊಂದರೆಯಿಲ್ಲ, ನಾಲ್ಕು ಲಿಥಿಯಂ ಸೆಲ್ ಪೂರ್ತಿ ತುಂಬಿದಾಗ 16.8 ವೋಲ್ಟ್, ಆಗತಾನೇ ಚಾರ್ಜಾದ ಹನ್ನೆರಡು ನಿಕ್ಕಲ್ ಸೆಲ್ಲುಗಳೂ ಅದೇ ಸುಮಾರಿನಲ್ಲಿರುತ್ತವೆ. ತೊಂದರೆ ಇರುವುದು ಚಾರ್ಜರಿನಲ್ಲಿ. ಹಳೆಯ ಚಾರ್ಜರಿಗೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯದು. ಲಿಥಿಯಂ ಪ್ಯಾಕನ್ನು ಅದಕ್ಕೆ ಸಿಕ್ಕಿಸಿದರೆ ರಕ್ಷಣೆಯೆಂದು ಉಳಿಯುವುದು ಒಳಗಿನ ಬೋರ್ಡ್ ಒಂದೇ, ಅದೂ ಕೈಕೊಟ್ಟರೆ ಬೆಂಕಿ. ಯಂತ್ರ ಒಬ್ಬರ ಕೈಯಲ್ಲೇ ಇರುವುದಿಲ್ಲ. ಕೆಲಸದ ಹುಡುಗ, ನೆರೆಮನೆಯವರು, ಮನೆಯ ಮಕ್ಕಳು ಯಾರಾದರೂ ಅಭ್ಯಾಸದಂತೆ ಹಳೆಯ ಚಾರ್ಜರಿಗೆ ಸಿಕ್ಕಿಸುವುದು ಸಹಜ. ಹಳೆಯ ಚಾರ್ಜರನ್ನು ಅಂಗಡಿಗೆ ಒಪ್ಪಿಸಿದವರಿಗೆ ಮಾತ್ರ ಈ ಬದಲಾವಣೆ ಮಾಡಿಕೊಡುವುದಾಗಿ ಅವರು ಹೇಳಿದ್ದು ನನಗೆ ಬಹಳ ಸರಿಯೆನಿಸಿತು.

ನಾನು ಅದೇ ಜಾತಿಯ ಸೆಲ್ಲುಗಳನ್ನೇ ತರಿಸಿದೆ. ಮೂರು ಸಾವಿರದ ಹತ್ತಿರ ಬಿತ್ತು. ಯಂತ್ರ ಹಿಂದೆ ಹೇಗಿತ್ತೋ ಹಾಗೆ ಆಯಿತು. ಆ ಕಾಲದ ಯಂತ್ರ ಹಿಂದೆಯೂ ಅಷ್ಟೇನೂ ಬಲಶಾಲಿಯಾಗಿರಲಿಲ್ಲ. ಸ್ಕ್ರೂ ಬಿಗಿಯಲು ಚೆನ್ನ, ಕೆಂಪುಕಲ್ಲಿನ ಗೋಡೆಯ ಮುಂದೆ ಸೋಲುತ್ತದೆ. ಬಳಸದೆ ಇಟ್ಟರೆ ಚಾರ್ಜು ತಾನಾಗಿ ಇಳಿಯುವುದು ಈ ಜಾತಿಯ ಗುಣ, ಅದಕ್ಕೆ ಅಂಗಡಿಯನ್ನು ದೂರಿ ಫಲವಿಲ್ಲ. ಅಂಗಡಿಯವರು ಹಣ ಪಡೆಯುವ ಮೊದಲೇ ಇದು ಲಾಭದ ಕೆಲಸವಲ್ಲವೆಂದು ಹೇಳಿದ್ದರೆಂಬುದನ್ನೂ ದಾಖಲಿಸಬೇಕು. ಜಪಾನಿನ ಹಳೆಯ ಒಳ್ಳೆಯ ಯಂತ್ರಗಳಿಗೆ, ಬದಲಿ ಸಿಗದ ವಿಶೇಷ ಉಪಕರಣಗಳಿಗೆ ಮಾತ್ರ ಈ ಖರ್ಚು ಹೊಂದುತ್ತದೆ.

ಮೂರನೆಯ ಪ್ಯಾಕನ್ನು ಅವರು ಹಾಗೆಯೇ ಹಿಂದಿರುಗಿಸಿದರು. ಐದೈದರ ಎರಡು ಸಾಲಿನ ಆ ಪ್ಯಾಕಿನ ಸೆಲ್ಲುಗಳನ್ನು ಬದಲಿಸುವುದು ಕಷ್ಟವಲ್ಲ, ಅಡ್ಡಿಯಿರುವುದು ಬೋರ್ಡಿನಲ್ಲಿ. ಕೆಲವು ಕಂಪನಿಗಳ ಬೋರ್ಡಿನಲ್ಲಿ ಸೆಲ್ಲುಗಳ ಅಸಮತೆಯನ್ನು ಕಂಡೊಡನೆ ದೋಷವೆಂದು ಬರೆದಿಟ್ಟುಕೊಳ್ಳುವ ಚಿಪ್ ಇರುತ್ತದೆ, ಒಮ್ಮೆ ಬೀಗ ಬಿದ್ದ ಮೇಲೆ ಹೊಸ ಸೆಲ್ ಹಾಕಿದರೂ ಚಾರ್ಜರ್ ಅದನ್ನು ಒಪ್ಪುವುದಿಲ್ಲ. ಬಿಚ್ಚಿ, ಪರೀಕ್ಷಿಸಿ, ಮತ್ತೆ ಮುಚ್ಚಿಕೊಟ್ಟದ್ದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ದುರಸ್ತಿಯ ದಾರಿಯನ್ನೇ ಮುಚ್ಚುವ ಇಂತಹ ವಿನ್ಯಾಸ ಸುರಕ್ಷತೆಯ ಹೆಸರಿನಲ್ಲಿ ನಡೆಯುವ ವ್ಯಾಪಾರವೆಂಬುದು ನನ್ನ ಅಭಿಪ್ರಾಯ; ಸುರಕ್ಷತೆ ಮಾತ್ರ ಉದ್ದೇಶವಾಗಿದ್ದರೆ ಅಧಿಕೃತ ರಿಪೇರಿಯವರಿಗಾದರೂ ಬೀಗ ತೆಗೆಯುವ ಕ್ರಮವಿರಬೇಕಿತ್ತು. ಆನ್‌ಲೈನಿನಲ್ಲಿ ಸಿಗುವ ಅಗ್ಗದ ನಕಲಿ ಪ್ಯಾಕುಗಳ ಕಡೆಗೆ ಹೋಗುವವರು ತೂಕವನ್ನಾದರೂ ನೋಡಿಕೊಳ್ಳಬೇಕು. 6 ಆಂಪಿಯರ್ ಅವರ್‌ನ ಇಂತಹ ಪ್ಯಾಕಿನಲ್ಲಿ ಹತ್ತು ಸೆಲ್ ಇರಬೇಕು, ಸೆಲ್ಲುಗಳೇ 450 ಗ್ರಾಂ ಆಗುತ್ತವೆ. ಇಡೀ ಪ್ಯಾಕ್ ಅದಕ್ಕಿಂತ ಹಗುರವಾಗಿದ್ದರೆ ಒಂದು ಸಾಲಿನ ಜಾಗ ಖಾಲಿಯಾಗಿದೆ ಎಂದೇ ತಿಳಿಯಬೇಕು.

ಕೊರತೆಗಳೂ ಇವೆ. ಹೇಳಿದ ದಿನಕ್ಕೆ ಕೆಲಸ ಆಗುವುದಿಲ್ಲ: ಸೆಲ್ಲುಗಳು ಹೊರಗಿನಿಂದ ಪಾರ್ಸೆಲಿನಲ್ಲಿ ಬರಬೇಕು, ಮಳೆಗಾಲದಲ್ಲಿ ಕರೆಂಟು ಹೋದರೆ ವೆಲ್ಡಿಂಗ್ ಯಂತ್ರ ಸುಮ್ಮನೆ ಕುಳಿತಿರುತ್ತದೆ. ಮೂರು ತಿಂಗಳ ಖಾತರಿಯನ್ನು ಬಾಯಿಮಾತಿನಲ್ಲಿ ಹೇಳುತ್ತಾರೆ, ಚೀಟಿಯಲ್ಲಿ ಬರೆಯುವುದಿಲ್ಲ. ಯಾವ ಸೆಲ್ ಹಾಕಿದ್ದೆಂಬುದನ್ನೂ ಬರೆಯುವುದಿಲ್ಲ. ಇಷ್ಟು ಎಚ್ಚರದಿಂದ ಕೆಲಸ ಮಾಡುವವರು ಸೆಲ್ಲಿನ ಹೆಸರನ್ನೂ ಹಾಕಿದ ತಿಂಗಳನ್ನೂ ಪ್ಯಾಕಿನ ಮೇಲೆ ಒಂದು ಚೀಟಿ ಅಂಟಿಸಿ ಬರೆದುಕೊಟ್ಟರೆ ಮುಂದಿನ ರಿಪೇರಿಗೂ ಅನುಕೂಲ. ನಿಕ್ಕಲ್ ಪ್ಯಾಕಿನ ಹೊರಕವಚದ ಒಂದು ಕೊಂಡಿ ಬಿಚ್ಚುವಾಗ ಮುರಿದಿತ್ತು, ಅಂಟು ಹಾಕಿ ಕೂರಿಸಿದ್ದರು. ಕೆಲಸಕ್ಕೆ ಅಡ್ಡಿಯಿಲ್ಲ, ನೋಡಲು ಚೆನ್ನಾಗಿಲ್ಲ.

ತೆಗೆದ ಹಳೆಯ ಸೆಲ್ಲುಗಳನ್ನು ಕೇಳಿದರೆ ತೋರಿಸುತ್ತಾರೆ, ಮನೆಗೆ ಕೊಡುವುದಿಲ್ಲ. ಧ್ರುವಗಳಿಗೆ ಟೇಪು ಸುತ್ತಿ ಲಿಥಿಯಂ ಮತ್ತು ಕ್ಯಾಡ್ಮಿಯಂ ಸೆಲ್ಲುಗಳನ್ನು ಬೇರೆಬೇರೆ ಡಬ್ಬಿಗಳಲ್ಲಿ ತುಂಬಿಟ್ಟು, ಇನ್ವರ್ಟರ್ ಬ್ಯಾಟರಿಗಳನ್ನು ಒಯ್ಯುವವರ ಮೂಲಕ ಕಳುಹಿಸುವುದು ಅವರ ಕ್ರಮ. ಕ್ಯಾಡ್ಮಿಯಂ ವಿಷ, ತರಗೆಲೆಯ ಜೊತೆ ಸುಡುವುದಾಗಲಿ, ತೋಟದ ಮೂಲೆಯಲ್ಲಿ ಹೂಳುವುದಾಗಲಿ ಬಾವಿಯ ನೀರಿಗೇ ಕೇಡು. ಮನೆಮನೆಗೆ ಪ್ಲಾಸ್ಟಿಕ್ ಸಂಗ್ರಹಿಸಲು ಬರುವ ಹರಿತ ಕರ್ಮ ಸೇನೆಯವರ ಚೀಲಕ್ಕೆ ಲಿಥಿಯಂ ಸೆಲ್ಲನ್ನು ಹೇಳದೆ ತುರುಕುವುದೂ ತಪ್ಪು, ಒತ್ತಡಕ್ಕೆ ಸಿಕ್ಕಿ ಹೊತ್ತಿಕೊಂಡರೆ ಆ ರಾಶಿಯೆಲ್ಲ ಉರಿಯುತ್ತದೆ. ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊರಿಸಿವೆ.

ಹೋಗುವವರು ಪ್ಯಾಕನ್ನು ಮಾತ್ರ ಒಯ್ದರೆ ಸಾಲದು, ಚಾರ್ಜರನ್ನೂ ಯಂತ್ರವನ್ನೂ ಜೊತೆಗೆ ಒಯ್ಯಬೇಕು. ಚಾರ್ಜರಿನದ್ದೇ ದೋಷವಾಗಿದ್ದು ಪ್ಯಾಕ್ ಬಿಚ್ಚಿಸಿದ ಪ್ರಸಂಗಗಳು ಅಲ್ಲಿ ನಡೆದಿವೆಯಂತೆ. ಫೋನಿನಲ್ಲಿ ಬೆಲೆ ಹೇಳುವುದಿಲ್ಲ, ತೆರೆದು ಅಳೆದ ಮೇಲೆಯೇ ಹೇಳುತ್ತಾರೆ. ಬೆಳಿಗ್ಗೆ ಹೋದರೆ ಎದುರಿನಲ್ಲಿ ಬಿಚ್ಚುತ್ತಾರೆ. ಸಂಜೆ ಸ್ಪ್ರೇಯರಿನವರ ಗುಂಪು ಸೇರುವುದರಿಂದ ಪ್ಯಾಕನ್ನು ಬಿಟ್ಟುಬರಬೇಕಾಗುತ್ತದೆ.